ಅವ್ವನ ಕಣದ ನಕ್ಷತ್ರ

ನಾನು ಒಂದು ನಕ್ಷತ್ರ. ಆಕಾಶದ್ದಲ್ಲ, ಬೆಟಗೇರಿಯ ನೇಕಾರರ ಓಣಿಯದು. ಬಿದಿರು ಸೀಳಿ, ನೂಲು ಸುತ್ತಿ, ಬಟ್ಟೆ ಅಂಟಿಸಿ ನನ್ನನ್ನು ಮಾಡಿದವಳು ಸುಗುಣವ್ವ. ಆ ಕ್ರಿಸ್‌ಮಸ್ಸಿಗೆ ಓಣಿಯ ಬಾಗಿಲುಗಳಲ್ಲೆಲ್ಲ ಪೇಟೆಯ ಪ್ಲಾಸ್ಟಿಕ್ ನಕ್ಷತ್ರಗಳು ಗಳಿಗೆಗೊಂದು ಬಣ್ಣ ಬದಲಿಸುತ್ತ ಮೆರೆಯುತ್ತಿದ್ದವು. ನನ್ನದು ಒಂದೇ ಬಣ್ಣ. ಹಾಗಂತ ನಾನೇನು ಕಡಿಮೆಯೇ? ಜಂಬ ಅಂದರೂ ಸರಿ, ನನ್ನ ಮೈಮೇಲಿದ್ದದ್ದು ಗುಳೇದಗುಡ್ಡದ ಕೆಂಪು ಕಣ, ಹೆಂಗಸರು ಕುಬಸಕ್ಕೆಂದು ಆಸೆಪಟ್ಟು ಕೊಳ್ಳುವ ಬಟ್ಟೆ.

ಆ ಕಣದ ಕಥೆ ಹೇಳದಿದ್ದರೆ ನನ್ನ ಕಥೆ ತಿಳಿಯುವುದಿಲ್ಲ. ಅದು ಸುಗುಣವ್ವನ ತಾಯಿಯದು. ಹೊಲಿಸದೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಹಾಗೇ ತೀರಿಹೋದಳು. ಅಕ್ಕ ಲೀದಿಯವ್ವ ತನಗೆ ಬೇಕು ಅಂದಳು, ತಂಗಿ ಸುಗುಣವ್ವನೂ ತನಗೇ ಬೇಕು ಅಂದಳು. ನ್ಯಾಯ ಹೇಳಲು ಬಂದ ಸೋದರಮಾವ ಹಿಂದೆಮುಂದೆ ನೋಡದೆ ಕತ್ತರಿ ತರಿಸಿ, ಕಣವನ್ನು ಸರಿಯಾಗಿ ನಡುವೆ ಕತ್ತರಿಸಿ ಇಬ್ಬರ ಕೈಗೂ ಅರ್ಧರ್ಧ ಕೊಟ್ಟು, ಊಟ ಮಾಡಿಕೊಂಡು ಊರಿಗೆ ಹೋದ. ಅರ್ಧ ಕಣದಲ್ಲಿ ಯಾರ ಕುಬಸ ಆದೀತು? ಇಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ. ಅಂದಿನಿಂದ ಒಂದೇ ಓಣಿಯಲ್ಲಿದ್ದೂ ಅಕ್ಕತಂಗಿಯರ ಮಾತು ನಿಂತುಹೋಯಿತು.

ಲೀದಿಯವ್ವನ ಕಂಠ ಬಲು ಚೆಂದ. ಹಬ್ಬದ ಹಿಂದಿನ ಸಂಜೆ ಚರ್ಚಿನವರು ಹಾರ್ಮೋನಿಯಂ ಹೊತ್ತು ಮನೆಮನೆಯ ಮುಂದೆ ಹಾಡುತ್ತ ಬರುವಾಗ ಮೊದಲ ದನಿ ಅವಳದೇ. ಆದರೆ ತಂಗಿಯ ಮನೆ ಬಂತೆಂದರೆ ಗಂಟಲು ಕಟ್ಟಿದೆಯೆಂದು ಹೇಳಿ ಓಣಿಯ ನಲ್ಲಿಯ ಹತ್ತಿರವೇ ನಿಂತುಬಿಡುವಳು. ಮುಂದಿನ ಮನೆಗೆ ಹೋದ ಕೂಡಲೇ ಗಂಟಲು ತಾನಾಗಿ ಸರಿಹೋಗುತ್ತಿತ್ತು! ಸುಗುಣವ್ವ ಬಾಗಿಲಲ್ಲಿ ನಿಂತು, ಹಾಡುವವರನ್ನು ಬಿಟ್ಟು ನಲ್ಲಿಯ ಕಡೆಗೇ ನೋಡುತ್ತಿದ್ದಳು. ಆ ವರ್ಷ ಆಕೆ ಪೆಟ್ಟಿಗೆ ತೆಗೆದು ತನ್ನ ಅರ್ಧ ಕಣವನ್ನು ಹೊರಗೆಳೆದಾಗ ಗಂಡ ಸಮಾಧಾನಪ್ಪ ಯಾಕೆಂದು ಕೇಳಿದ.

"ಅಕ್ಕ ಈ ಸಲನರ ನಮ್ಮ ಬಾಗಲಾಗ ಬಂದು ನಿಂದರ್ಲಿ," ಅಂದಳು. "ನನಗ ಅಷ್ಟ ಸಾಕು."

ಹೀಗೆ ನಾನು ಹುಟ್ಟಿದೆ. ಅರ್ಧ ಕಣಕ್ಕೆ ತಕ್ಕಷ್ಟೇ ನನ್ನ ಗಾತ್ರ. ಮುಂದೆ ಐದು ಕೈಗಳಿಗೂ ಕಣ, ಬೆನ್ನಿಗೆ ಬಿಳಿ ಕಾಗದ, ಹೊಟ್ಟೆಯಲ್ಲಿ ಬಲ್ಬು. ಮನೆಯಲ್ಲಿ ಅಂಟು ಇರಲಿಲ್ಲ. ಸಮಾಧಾನಪ್ಪ ಮಗ್ಗದ ನೂಲಿಗೆ ಹಚ್ಚುವ ಗಂಜಿಯನ್ನೇ ಧಾರಾಳವಾಗಿ ಬಳಿದ. ಗಟ್ಟಿಯಾಗಿ ಹಿಡಿಯಿತು, ನಿಜ. ಆದರೆ ಗಂಜಿಯೆಂದರೆ ಅಕ್ಕಿಯದಲ್ಲವೇ? ಹಬ್ಬದ ಊಟಕ್ಕೆಂದು ತಂದ ಆಡು ಅಂಗಳದಲ್ಲಿ ಕಟ್ಟಿಹಾಕಿಸಿಕೊಂಡು ನಿಂತಿತ್ತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನನ್ನನ್ನು ಬಿಸಿಲಿಗೆ ಒಣಗಲು ಇಟ್ಟು ಸುಗುಣವ್ವ ಕರ್ಚಿಕಾಯಿ ಕರಿಯಲು ಒಳಗೆ ಹೋದಳೋ ಇಲ್ಲವೋ, ಅದು ಹಗ್ಗ ಜಗ್ಗಿಕೊಂಡು ಬಂದು ನನ್ನ ಒಂದು ಕೈಯ ಬಟ್ಟೆಯನ್ನು ನೆಮ್ಮದಿಯಾಗಿ ಮೆದ್ದುಬಿಟ್ಟಿತು. ಕಚಗುಳಿಯಾಯಿತು ಅಂದರೆ ನಂಬುತ್ತೀರಾ!

ಸುಗುಣವ್ವ ಮಾತ್ರ ಅಂಗಳದಲ್ಲೇ ಕೂತು ಅತ್ತುಬಿಟ್ಟಳು. ಹೆಸರು ಸಮಾಧಾನಪ್ಪನಾದರೂ ಸಿಟ್ಟಿಗೆ ಕೊನೆಯಿಲ್ಲದ ಆತ ಆಡನ್ನೂ, ಗಂಜಿಯನ್ನೂ, ತನ್ನನ್ನೂ ಬಾಯಿಗೆ ಬಂದಂತೆ ಬೈದ. ಬೇರೆ ಬಟ್ಟೆ ಅಂಟಿಸುತ್ತೇನೆ ಅಂದರೆ ಸುಗುಣವ್ವ ಒಪ್ಪಲಿಲ್ಲ. ಅವ್ವನ ಕಣದ ಪಕ್ಕ ಮತ್ತೊಂದು ಬಟ್ಟೆಯೇ, ಬೇಡವೇ ಬೇಡ ಅಂದಳು. ಆ ಕೈಯ ಬರೀ ಬಿದಿರು ಕಾಣುವ ಹಾಗೆಯೇ ನನ್ನನ್ನು ಬಾಗಿಲಿಗೆ ತೂಗುಹಾಕಿದಳು.

ಸಂಜೆಯಾಯಿತು, ಬಲ್ಬು ಹತ್ತಿತು. ಹಾಡುವವರು ಬಂದರು. ಲೀದಿಯವ್ವ ಎಂದಿನಂತೆ ನಲ್ಲಿಯ ಹತ್ತಿರ ನಿಂತಳು. ಅಲ್ಲಿಂದ ನನ್ನ ಕಡೆ ನೋಡಿದವಳು ಮತ್ತೆ ಕಣ್ಣು ತೆಗೆಯಲಿಲ್ಲ. ಮೆಲ್ಲಗೆ ಒಂದೊಂದೇ ಹೆಜ್ಜೆ ಇಡುತ್ತ ಬಂದು ಬಾಗಿಲಲ್ಲಿ ನಿಂತಳು.

"ಇದು ಅವ್ವನ ಕಣ ಅಲ್ಲೇನ?"

"ಹೌದಕ್ಕಾ," ಅಂದಳು ಸುಗುಣವ್ವ. "ಒಂದ್ ಕೈದ್ದು ಆಡು ತಿಂತು."

ಲೀದಿಯವ್ವ ಸರ್ರನೆ ತಿರುಗಿ ಹೊರಟೇ ಹೋದಳು. ಸುಗುಣವ್ವನ ಮುಖ ಬಾಡಿತು. ನಾನೂ ಆಸೆ ಬಿಟ್ಟೆ. ಹಾಡುವವರು ಏನು ಮಾಡಬೇಕೆಂದು ತೋಚದೆ ಅದೇ ಹಾಡನ್ನು ಮತ್ತೆ ಎತ್ತಿಕೊಂಡರು. ಅದು ಮುಗಿಯುವ ಮೊದಲೇ ಲೀದಿಯವ್ವ ಏದುಸಿರು ಬಿಡುತ್ತ ಮರಳಿ ಬಂದಳು. ಒಂದು ಕೈಯಲ್ಲಿ ಅವಳ ಪಾಲಿನ ಅರ್ಧ ಕಣ, ಇನ್ನೊಂದರಲ್ಲಿ ಸೂಜಿ, ದಾರ, ಕತ್ತರಿ.

"ಕುರ್ಚಿ ತೊಗೊಂಬಾ," ಅಂದಳು ತಂಗಿಗೆ. "ಗಂಜಿ ಹಚ್ಚಿದ್ರ ಮತ್ತ ಆಡು ತಿಂತೈತಿ. ನಾ ಹೊಲೀತೀನಿ."

ಎಲ್ಲರೆದುರು ಕುರ್ಚಿ ಹತ್ತಿ ನಿಂತು ಹೊಲಿದಳು. ಸುಗುಣವ್ವ ಕುರ್ಚಿ ಹಿಡಿದುಕೊಂಡು, ಅತ್ತ ಅಳುತ್ತ, ಇತ್ತ ಹೊಲಿಗೆ ಸೊಟ್ಟಗಾಯಿತೆಂದು ಹೇಳುತ್ತ ನಿಂತಿದ್ದಳು. ಸೊಟ್ಟಗೋ ನೆಟ್ಟಗೋ, ನನಗಂತೂ ಖುಷಿಯೋ ಖುಷಿ. ಆಮೇಲೆ ಲೀದಿಯವ್ವ ಕುರ್ಚಿಯ ಮೇಲೆ ನಿಂತೇ ಹಾಡು ಎತ್ತಿಕೊಂಡಳು. ಆ ದನಿ ಆ ಬಾಗಿಲಲ್ಲಿ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಇಷ್ಟೆಲ್ಲ ಆದಮೇಲೆ ಆಡನ್ನು ಕೊಯ್ಯಲು ಯಾರಿಗೂ ಮನಸ್ಸು ಬರಲಿಲ್ಲ. ಆ ಹಬ್ಬಕ್ಕೆ ಬದನೆಕಾಯಿ ಎಣ್ಣೆಗಾಯಿಯೇ ಗತಿ.

ಈಗ ನನಗೆ ವಯಸ್ಸಾಗಿದೆ. ಮಗ್ಗದ ಪಕ್ಕದ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತೇನೆ, ಡಿಸೆಂಬರ್ ಬಂದರೆ ಧೂಳು ಝಾಡಿಸಿ ಬಾಗಿಲಿಗೆ ತರುತ್ತಾರೆ. ನಾಲ್ಕು ಕೈಗಳಲ್ಲಿ ಗಂಜಿ ಉದುರಿ, ಕಣ ಹರಿದು ಜೋಲುಬಿದ್ದಿದೆ. ಐದನೆಯದು ಮಾತ್ರ ಒಂದೆಳೆಯೂ ಸಡಿಲಾಗಿಲ್ಲ. ಮೊನ್ನೆ ಸುಗುಣವ್ವ ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಲೀದಿಯವ್ವನ ಅರ್ಧದಲ್ಲಿ ಉಳಿದ ಕಣವನ್ನು ತೊಡೆಯ ಮೇಲೆ ಹರಡಿ, ಪಕ್ಕದಲ್ಲಿ ಕೂತಿದ್ದ ಅಕ್ಕನ ಕಡೆಗೆ ಸೂಜಿ ಚಾಚಿದಳು.

"ಉಳಿದ ನಾಕೂ ನೀನ ಹೊಲಿ, ಅಕ್ಕಾ."