ಎಲ್ಲಿ ಒದ್ದೆ, ಹೇಳು

"ಆಫ್ ಮಾಡಯ್ಯ, ಮೊದಲು ಆಫ್ ಮಾಡು," ಎನ್ನುತ್ತ ಮೈದುನ, ತೀರಿಕೊಂಡವನ ತಮ್ಮ, ಎರಡೂ ಕೈ ಬೀಸಿಕೊಂಡು ಲಾರಿಯ ಮುಂದಕ್ಕೆ ಓಡಿದ.

ಪೆಟ್ಟಿಗೆಯನ್ನು ಆಗಷ್ಟೇ ಲಾರಿಗೆ ಏರಿಸಿ, ಹಗ್ಗ ಬಿಗಿದು, ಹಿಂದಿನ ಬಾಗಿಲು ಹಾಕಿದ್ದರು. ಇಂಜಿನ್ ಒಂದೆರಡು ಸಲ ಕೆಮ್ಮಿ ಹತ್ತಿಕೊಂಡಿತ್ತು, ಅಷ್ಟೆ. ಅಡಿಯಿಂದ ಆಯಿಲ್ ಇಳಿಯತೊಡಗಿತು. ತೊಟ್ಟಿಕ್ಕುವುದಲ್ಲ, ಧಾರೆಯಾಗಿಯೇ ಇಳಿಯಿತು. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದ್ದ ಗ್ಯಾರೇಜಿನ ಅಂಗಳದಲ್ಲಿ ಅದು ಕಪ್ಪಗೆ ಹರಡಿತು.

ಡ್ರೈವರ್ ಕೆಳಗಿಳಿದು ಬಗ್ಗಿ ನೋಡಿದ. ಬಿಸಿಲಿರಲಿ ಚಳಿಯಿರಲಿ ಹೆಗಲಿಂದ ಕಂಬಳಿ ಇಳಿಸದ ಮನುಷ್ಯ, ಹಾಗಾಗಿ ಊರಿನವರ ಬಾಯಲ್ಲಿ ಅವನ ಹೆಸರೇ ಕಂಬಳಿ ಆಗಿಹೋಗಿತ್ತು. "ಮೊನ್ನೆ ತಾನೇ ಆಯಿಲ್ಲು, ಫಿಲ್ಟರ್ರು ಎಲ್ಲಾ ಬದಲಾಯಿಸಿ ಕೊಟ್ಟಿದ್ರಲ್ಲ ಮೇಸ್ತ್ರಿ," ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಹೆಣದ ಮುಂದೆ ಆಡುವ ಮಾತಲ್ಲ ಅದು.

ಆದರೆ ಆಡಿದ್ದಾಗಿತ್ತು. ಸೇರಿದ್ದವರು ಮುಖ ಮುಖ ನೋಡಿಕೊಂಡರು. ಪೆಟ್ಟಿಗೆಯಲ್ಲಿ ಮಲಗಿದ್ದವನು ಆಯಿಲ್ ಸೋರಿಕೆ ಹಿಡಿಯುವುದರಲ್ಲಿ ಸುತ್ತಮುತ್ತ ಹೆಸರಾಗಿದ್ದ ಮೇಸ್ತ್ರಿ. ಚಳಿಗಾಲ ಬಂತೆಂದರೆ ಸೋರುವ ಲಾರಿಗಳೆಲ್ಲ ಈ ಅಂಗಳಕ್ಕೇ ಬಂದು ಸಾಲು ನಿಲ್ಲುತ್ತಿದ್ದವು. ಅಂಥವನ ಕೊನೆಯ ಕೆಲಸವೇ ಹೀಗೆ, ಅವನನ್ನು ಹೊತ್ತುಕೊಂಡೇ, ಸೋರುತ್ತ ನಿಂತಿತ್ತು.

"ವಯಸ್ಸಾಗಿತ್ತಲ್ಲ, ಕೈ ಹಿಡಿತ ತಪ್ಪಿತ್ತೇನೋ," ಎಂದು ಯಾರೋ ಪಿಸುಗುಟ್ಟಿದರು. ಮೆಟ್ಟಿಲ ಮೇಲೆ ನಿಂತಿದ್ದ ಮೇಸ್ತ್ರಿಯ ಹೆಂಡತಿಗೆ ಅದು ಕೇಳಿಸಿತು.

ಎದುರು ಗ್ಯಾರೇಜಿನವನು ಮಂಡಿಯೂರಿ ಇಣುಕಿದ. ಒಳ್ಳೆಯ ಮನುಷ್ಯ, ಬೆಳಗಿನಿಂದ ಪೆಟ್ಟಿಗೆಯ ಪಕ್ಕದಲ್ಲೇ ಇದ್ದ. "ಇಂಜಿನ್ ಹಿಂಭಾಗದಿಂದ ಬರ್ತಿದೆ. ಹಿಂದಿನ ಸೀಲ್ ಹೋಗಿರಬೇಕು. ಗೇರ್‌ಬಾಕ್ಸ್ ಇಳಿಸಿಯೇ ನೋಡಬೇಕು, ಇವತ್ತಿಗೆ ಆಗೋ ಕೆಲಸ ಅಲ್ಲ," ಎಂದ.

"ಬೇರೆ ಗಾಡಿ ಹೇಳಿಸೋಣ," ಎಂದ ಮೈದುನ.

"ಯಾವ ಗಾಡಿ? ಆಸ್ಪತ್ರೆ ವ್ಯಾನು ಈ ಚಳೀಲಿ ಗುಡ್ಡದ ತಿರುವು ಹತ್ತಲ್ಲ. ಜಾರಿ ವಾಪಸ್ ಬಂದಿದ್ದು ನೋಡಿಲ್ವಾ?" ಎಂದ ಕಂಬಳಿ. ಸ್ಮಶಾನ ಇದ್ದದ್ದು ಗುಡ್ಡದ ಆಚೆ.

ಮೇಸ್ತ್ರಿಯ ಹೆಂಡತಿ ಮೆಟ್ಟಿಲಿಳಿದಳು. "ಸ್ವಲ್ಪ ತಡೀರಿ," ಎಂದು ಗ್ಯಾರೇಜಿನ ಒಳಗೆ ಹೋದಳು.

* * *

ಗಂಡನ ಕಣ್ಣು ಮಂಜಾದ ಮೇಲೆಯೇ ಅವಳ ಸಂಸಾರ ಶುರುವಾಗಿದ್ದು. ಬಾಯಿಬಿಟ್ಟು ಹೇಳಿದರೆ ಕೇಳಿದವರು ಛೀ ಅಂದಾರು, ಆದರೆ ನಿಜ. ಅದಕ್ಕೆ ಮೊದಲು ಅವಳ ಪಾಲಿಗೆ ಗಂಡ ಎಂದರೆ ಲಾರಿಯ ಅಡಿಯಿಂದ ಹೊರಗೆ ಚಾಚಿಕೊಂಡ ಎರಡು ಕಾಲು. ಊಟಕ್ಕೆ ಬನ್ನಿ ಎಂದು ಆ ಕಾಲುಗಳನ್ನೇ ಕರೆಯಬೇಕು, ಹೂಂ ಎಂದು ಅವೇ ಅನ್ನಬೇಕು. ಉಂಡು ಕೈ ತೊಳೆದರೆ ಮತ್ತೆ ಲಾರಿಯ ಅಡಿಗೆ. ಮಕ್ಕಳಿರಲಿಲ್ಲ. ದಿನವಿಡೀ ಮಾತಾಡಲು ಅವಳಿಗೆ ಸಿಗುತ್ತಿದ್ದದ್ದು ಒಲೆಯ ಮೇಲಿನ ಪಾತ್ರೆಗಳು, ಅವೂ ಸದ್ದು ಮಾಡುತ್ತಿದ್ದವೇ ಹೊರತು ಏನು ಎತ್ತ ಅಂತ ಕೇಳುತ್ತಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಲಾರಿಯ ಅಡಿಯಿಂದ ಅವನೇ ಕರೆದ. "ಇಲ್ಲಿ ಬಾ. ಟಾರ್ಚ್ ಹಿಡಿ."

ಅವಳು ಬಗ್ಗಿ ಟಾರ್ಚ್ ಹಿಡಿದಳು.

"ಎಲ್ಲಿ ಒದ್ದೆ, ಹೇಳು."

"ಪರೀಕ್ಷೆ ಮಾಡ್ತಿದ್ದೀರಾ? ನಿಮ್ಮ ಮೂಗಿನ ಮುಂದೇನೇ ಇದೆಯಲ್ಲ ರೀ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆಮೇಲೆ, "ನನಗೆ ಕಾಣ್ತಿಲ್ಲ ಕಣೆ. ಯಾರ ಹತ್ತಿರಾನೂ ಹೇಳಬೇಡ," ಎಂದ.

ನರವೇ ಒಣಗಿದೆ, ಇದು ಕನ್ನಡಕಕ್ಕೆ ಬಗ್ಗುವುದಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ದಾರಿ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ಕಪ್ಪು ಇಂಜಿನ್ನಿನ ಮೇಲಿನ ಕಪ್ಪು ಆಯಿಲ್ ಕಾಣುತ್ತಿರಲಿಲ್ಲ. ಕುರುಡು ಮೇಸ್ತ್ರಿ ಎಂದು ಗೊತ್ತಾದರೆ ಯಾರು ಗಾಡಿ ಬಿಡುತ್ತಾರೆ?

ಅಂದಿನಿಂದ ಡ್ರೈವರುಗಳು ಏಳುವ ಮೊದಲೇ ಗಂಡಹೆಂಡತಿ ಗೋಣಿಚೀಲ ಹಾಸಿಕೊಂಡು ಲಾರಿಯ ಅಡಿಯಲ್ಲಿ ಅಕ್ಕಪಕ್ಕ ಮಲಗಿರುತ್ತಿದ್ದರು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ತೊಟ್ಟೋ, ಬೆವರೋ? ಕಪ್ಪೋ, ಕೆಂಪೋ? ಹಳೆಯ ಜಿಡ್ಡೋ, ಹೊಸದೋ? ಅವಳು ಹೇಳುತ್ತಿದ್ದಳು. ಹೇಳಿದ ಜಾಗಕ್ಕೆ ಅವನ ಕೈ ಸರಿಯಾಗಿ ಹೋಗಿ ಕೂರುತ್ತಿತ್ತು.

"ಬಿದ್ದ ಜಾಗ ನೋಡಬೇಡ, ಬಂದ ದಾರಿ ನೋಡು," ಎನ್ನುತ್ತಿದ್ದ. "ಆಯಿಲ್ ಇಳಿಜಾರು ಸಿಕ್ಕಿದ ಕಡೆ ಓಡುತ್ತೆ, ಗಾಳಿ ಬಡಿದ ಕಡೆ ಓಡುತ್ತೆ. ಚಳಿಗೆ ರಬ್ಬರ್ ಸೆಟೆದುಕೊಳ್ಳುತ್ತೆ, ಆಯಿಲ್ ಗಟ್ಟಿಯಾಗಿ ಒತ್ತುತ್ತೆ. ಇಂಜಿನ್ ಬಿಸಿಯಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನಿಂತುಬಿಡುತ್ತೆ. ಅದಕ್ಕೇ ತಣ್ಣಗಿದ್ದಾಗ, ಮೊದಲ ಸ್ಟಾರ್ಟಿಗೇ ಹಿಡೀಬೇಕು."

ಅದಕ್ಕೊಂದು ಉಪಾಯವೂ ಅವನಲ್ಲಿತ್ತು. ಇಂಜಿನ್ ತಳವನ್ನೆಲ್ಲ ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸುವುದು. ಸ್ಟಾರ್ಟ್ ಮಾಡಿದಾಗ ಪೌಡರ್ ಎಲ್ಲಿ ಮೊದಲು ಕಪ್ಪಾಗುತ್ತದೋ ಅಲ್ಲೇ ಮೂಲ. ಡಬ್ಬಿಗಟ್ಟಲೆ ಪೌಡರ್ ಮಾರುತ್ತಿದ್ದ ಮೂಲೆಯಂಗಡಿಯವನು, ಮೇಸ್ತ್ರಿ ಹೆಂಡತಿಗೆ ಎಷ್ಟು ಅಲಂಕಾರ ಮಾಡಿಕೊಂಡ್ರೂ ತೃಪ್ತಿಯಿಲ್ಲ ಎಂದು ನಗಾಡುತ್ತಿದ್ದ. ಅವಳೂ ನಕ್ಕು ಸುಮ್ಮನಾಗುತ್ತಿದ್ದಳು. ತನ್ನ ಒಂದೊಂದು ಮಾತಿಗೂ ಗಂಡ ಉಸಿರು ಬಿಗಿಹಿಡಿದು ಕಾಯುತ್ತಾನೆ ಎಂಬ ಸುಖದ ಮುಂದೆ ಆ ನಗೆಚಾಟಿಕೆ ಅವಳಿಗೆ ಯಾವ ಲೆಕ್ಕ?

* * *

ಟಾರ್ಚ್, ಹಳೆಯ ಬನಿಯನ್ ಬಟ್ಟೆ, ಪೌಡರ್ ಡಬ್ಬಿ ಹಿಡಿದು ಅವಳು ಹೊರಗೆ ಬಂದಾಗ ಪಕ್ಕದ ಮನೆಯಾಕೆ ಅವಳ ತೋಳು ಹಿಡಿದಳು. "ಈ ಹೊತ್ತಲ್ಲಿ ಪೌಡರ್ ಯಾಕಮ್ಮ? ನೋಡಿದವರು ಏನಂದುಕೊಂಡಾರು?"

"ಅಂದ್ಕೊಳ್ಳಲಿ ಬಿಡಿ," ಎಂದವಳೇ ಗೋಣಿಚೀಲ ಹಾಸಿ ಲಾರಿಯ ಅಡಿಗೆ ಸರಿದಳು.

"ಅತ್ತಿಗೆ, ಏನಿದು?" ಎಂದು ಮೈದುನ ಕೂಗಿದ. ಸ್ಮಶಾನಕ್ಕೆ ಹೊರಟು ನಿಂತ ಜನಕ್ಕೆ ನೋಡಲು ಸಿಕ್ಕಿದ್ದು ಅವಳ ಎರಡು ಕಾಲು ಮಾತ್ರ.

ಬೆನ್ನಿಗೆ ನೆಲ ಕೊರೆಯುತ್ತಿತ್ತು. ಒರೆಸತೊಡಗಿದಳು. ಪಕ್ಕದಲ್ಲಿ ಗೋಣಿಚೀಲದ ಅರ್ಧ ಭಾಗ ಖಾಲಿ. ಅಭ್ಯಾಸಬಲದಿಂದ ಅವಳು ಒಂದು ಅಂಚಿಗೇ ಮಲಗಿದ್ದಳು.

ಅಳು ಬರಲಿಲ್ಲ. ಎರಡು ದಿನದಿಂದ ಬಂದಿರಲಿಲ್ಲ. ಎದೆಯಲ್ಲಿ ಬೇರೆಯದೇ ಒಂದು ಮಾತು ಮುಳ್ಳಿನ ಹಾಗೆ ನಾಟಿಕೊಂಡು, ಅಳುವಿಗೆ ದಾರಿ ಬಿಟ್ಟಿರಲಿಲ್ಲ.

* * *

ಅಕ್ಕನಿಗೆ ಮಂಡಿ ಆಪರೇಷನ್ ಆಗಿ ಅವಳು ಒಂದಷ್ಟು ದಿನ ಅಲ್ಲಿಗೆ ಹೋಗಿದ್ದಳು. ವಾಪಸ್ ಬಂದ ಸಂಜೆ ನೋಡಿದರೆ ಕಂಬಳಿಯ ಲಾರಿ ಕೆಲಸ ಮುಗಿದು ಅಂಗಳದಲ್ಲಿ ನಿಂತಿತ್ತು.

"ಒಬ್ಬರೇ ಮಾಡಿದ್ರಾ?" ಎಂದು ಕೇಳಿದಳು.

"ಹೂಂ. ಫಿಲ್ಟರ್ ಬದಲಾಯಿಸೋಕೆ ಏನು ಮಹಾ ವಿದ್ಯೆ ಬೇಕು? ಕೈ ಗುರುತಿಗೇ ಆಗುತ್ತೆ. ಸ್ಟಾರ್ಟ್ ಮಾಡಿಯೂ ನೋಡಿದೆ, ಬಿಸಿಲಿತ್ತು, ಒಂದು ತೊಟ್ಟೂ ಇಲ್ಲ."

"ಹಾಗಾದ್ರೆ ನಾನು ಬೇಕಾಗಲೇ ಇಲ್ಲ."

"ನಿನಗೂ ಸ್ವಲ್ಪ ಬಿಡುವು ಬೇಡ್ವೇನೆ," ಎಂದ ಅವನು, ಒಳ್ಳೆಯ ಮನಸ್ಸಿನಿಂದಲೇ.

ಅವಳಿಗೆ ಅದು ಸುಟ್ಟಂತಾಯಿತು. ಬಸ್ಸಿನಲ್ಲಿ ಬರುತ್ತ ಬರುತ್ತ, ನೀನಿಲ್ಲದೆ ಕೈ ಕಟ್ಟಿ ಕೂತಿದ್ದೆ ಕಣೆ ಎಂಬ ಮಾತನ್ನು ಅವನ ಬಾಯಲ್ಲಿ ಎಷ್ಟು ಸಲ ಆಡಿಸಿಕೊಂಡಿದ್ದಳೋ. ಊಟ ಬಡಿಸಿದಳು, ಮಾತಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಅವನು ಕುರ್ಚಿಯಲ್ಲಿ ಕೂತು ಬೂಟಿನ ದಾರ ಕಟ್ಟಲು ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ.

ತಾನು ಅವನಿಗೆ ನಿಜವಾಗಿ ಬೇಕಾಗಿದ್ದೆನೋ, ಇಲ್ಲಾ ಪಾಪ ಎಂದು ಜೊತೆಗಿಟ್ಟುಕೊಂಡಿದ್ದನೋ? ಇನ್ನು ಕೇಳುವುದು ಯಾರನ್ನು?

* * *

"ಸ್ಟಾರ್ಟ್ ಮಾಡಪ್ಪ," ಎಂದು ಪೌಡರ್ ಉದುರಿಸಿ ಮುಗಿಸಿ ಅಡಿಯಿಂದ ಕೂಗಿದಳು.

ಕಂಬಳಿ ಎದುರು ಗ್ಯಾರೇಜಿನವನ ಮುಖ ನೋಡಿದ. ಅವನು ತಲೆಯಾಡಿಸಿದ. ಇಂಜಿನ್ ಹತ್ತಿಕೊಂಡಿತು. ಅವಳು ಟಾರ್ಚ್ ಬೆಳಕನ್ನು ಹಿಂಭಾಗದಿಂದ ಮುಂದಕ್ಕೆ ನಿಧಾನವಾಗಿ ಸರಿಸಿದಳು. ಹಿಂಭಾಗದ ಪೌಡರ್ ಬೆಳ್ಳಗೇ ಇತ್ತು. ಕಪ್ಪಾಗಿದ್ದು ಪಕ್ಕದಲ್ಲಿ, ಫಿಲ್ಟರ್ ಕೂತ ಜಾಗದಲ್ಲಿ. ಇಳಿಜಾರು ಅಂಗಳದಲ್ಲಿ ಲಾರಿ ಮೂತಿ ಮೇಲೆ ಮಾಡಿ ನಿಂತಿದ್ದರಿಂದ ಆಯಿಲ್ ಹಿಂದಕ್ಕೆ ಹರಿದು ಅಲ್ಲಿಂದ ಬೀಳುತ್ತಿತ್ತು.

"ನಿಲ್ಲಿಸು."

ಫಿಲ್ಟರ್ ಹಿಡಿದು ತಿರುಗಿಸಿದಳು. ಇಷ್ಟು ವರ್ಷ ಕಣ್ಣು ಅವಳದು, ಕೈ ಅವನದು. ಇಂದು ಎರಡೂ ಅವಳದೇ ಆಗಬೇಕಾಗಿತ್ತು. ಫಿಲ್ಟರ್ ಸುಲಭವಾಗಿ ಬಿಚ್ಚಿಕೊಂಡಿತು, ತಣ್ಣನೆಯ ಆಯಿಲ್ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯಿತು. ಹೊಸ ಫಿಲ್ಟರಿನ ಅಂಚಿನಲ್ಲಿ ಹೊಸ ರಬ್ಬರ್ ರಿಂಗ್ ಇತ್ತು. ಬೆಳಕನ್ನು ಮೇಲೆತ್ತಿದಳು. ಇಂಜಿನ್ನಿನ ಮೈಗೆ ಇನ್ನೊಂದು ರಿಂಗ್ ಅಂಟಿಕೊಂಡಿತ್ತು. ಹಳೆಯ ಫಿಲ್ಟರಿನದು, ಚಪ್ಪಟೆಯಾಗಿ, ಕಪ್ಪಿನ ಮೇಲೆ ಕಪ್ಪಾಗಿ. ಅದನ್ನು ತೆಗೆಯದೆ ಹೊಸದನ್ನು ಕೂರಿಸಿದ್ದಕ್ಕೇ ಎರಡರ ನಡುವಿನಿಂದ ಆಯಿಲ್ ಸೋರಿತ್ತು. ಬೆಳಗಿನ ಚಳಿಗೆ ಜೋಮುಹಿಡಿದ ಬೆರಳಿಗೆ ಅದು ಇಂಜಿನ್ನಿನ ಅಂಚೇ ಅನ್ನಿಸಬೇಕು. ಕಣ್ಣಿದ್ದವರಿಗೆ ಒಂದೇ ನೋಟಕ್ಕೆ ಕಾಣುತ್ತಿತ್ತು.

ಅವನಿಗೆ ಕಂಡಿರಲಿಲ್ಲ.

ಅವಳ ಎದೆಯಲ್ಲಿ ಏನೋ ಸಡಿಲಾಯಿತು. ಗಂಡನ ಹೆಣ ತಲೆಯ ಮೇಲೆ ಒಂದು ಹಲಗೆಯಾಚೆ ಇರುವಾಗ ಇಂಥ ಸಂತೋಷ ಪಡಬಾರದು ಎಂದು ಗೊತ್ತಿದ್ದೂ ಸಂತೋಷವಾಯಿತು, ಅದರ ಬೆನ್ನಿಗೇ ಎರಡು ದಿನದ ಅಳು ಒಟ್ಟಿಗೆ ಬಂತು. ಕಣ್ಣೀರು ಪಕ್ಕಕ್ಕೆ ಇಳಿದು ಕಿವಿಯೊಳಗೆ ತುಂಬಿತು.

"ನಾನು ಬರೋವರೆಗೆ ಕಾಯೋದಕ್ಕೆ ನಿಮಗೆ ಏನಾಗಿತ್ತು ರೀ," ಎಂದಳು ಮೆಲ್ಲಗೆ.

ಉಗುರಿನಿಂದ ಎಬ್ಬಿಸಿ ಹಳೆಯ ರಿಂಗನ್ನು ಕಿತ್ತಳು. ಅಷ್ಟರಲ್ಲಿ ಎದುರು ಗ್ಯಾರೇಜಿನವನ ಬೂಟುಗಳು ಹತ್ತಿರ ಬಂದವು. "ಅಕ್ಕ, ಏನಾದ್ರೂ ಕಾಣಿಸ್ತಾ? ನಾನು ಒಳಗೆ ಬರ್ಲಾ?"

ರಿಂಗ್ ಮೇಲೆ ರಿಂಗ್ ಕೂರಿಸುವುದು ಕೆಲಸ ಕಲಿಯುವವರು ಮಾಡುವ ತಪ್ಪು. ಕಂಡರೆ ಸಂಜೆಯೊಳಗೆ ಪೇಟೆಯ ಬಾಯಲ್ಲೆಲ್ಲ ಅದೇ. ಯಾಕೆ ಹೀಗಾಯಿತು ಎಂದು ಹೇಳಿದರೆ ಅವನ ಮಾನ ಉಳಿಯುತ್ತಿತ್ತು, ಆದರೆ ಅವನು ಹೇಳಬೇಡ ಎಂದಿದ್ದ. ಅವಳು ಬೆರಳು ಕೂಡಿಸಿ ರಿಂಗನ್ನು ಮಣಿಕಟ್ಟಿಗೆ ಏರಿಸಿ, ಸ್ವೆಟರಿನ ತೋಳು ಎಳೆದುಕೊಂಡಳು.

"ಬೇಡಪ್ಪ, ಸಿಕ್ಕಿತು. ಚಳಿಗೆ ರಿಂಗ್ ಸೆಟೆದುಕೊಂಡಿತ್ತು. ಬಿಗಿ ಮಾಡ್ತಿದ್ದೀನಿ," ಎಂದಳು.

ಒರೆಸಿದಳು, ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿದಳು, ಫಿಲ್ಟರನ್ನು ಕೈಬಿಗಿತಕ್ಕೆ ಕೂರಿಸಿ ಸುತ್ತ ಮತ್ತೆ ಪೌಡರ್ ಉದುರಿಸಿದಳು. ಚೆಲ್ಲಿ ಹೋದಷ್ಟು ಆಯಿಲನ್ನು ಕಂಬಳಿ ಮೇಲಿನಿಂದ ಸುರಿದ. ಇಂಜಿನ್ ಓಡಿತು. ಪೌಡರ್ ಬೆಳ್ಳಗೇ ಉಳಿಯಿತು.

ಹೊರಬಂದವಳ ಕಪ್ಪು ಉಗುರುಗಳನ್ನೂ, ತೋಳಿನ ತುದಿಯಲ್ಲಿ ಉಬ್ಬಿ ನಿಂತದ್ದನ್ನೂ ಎದುರು ಗ್ಯಾರೇಜಿನವನು ನೋಡಿದ. ನೋಡಿ, ಜನರ ಕಡೆ ತಿರುಗಿ, "ಸೀಲ್ ಅಂದಿದ್ದು ನನ್ನದೇ ತಪ್ಪು. ಚಳಿಗೆ ಹೀಗೆಲ್ಲ ಆಗುತ್ತೆ. ಹೊರಡೋಣ," ಎಂದ.

"ಇದೆಲ್ಲ ಯಾವಾಗ ಕಲಿತ್ರಿ ಅತ್ತಿಗೆ?" ಎಂದು ಮೈದುನ ಬಾಯಿ ಬಿಟ್ಟುಕೊಂಡು ಕೇಳಿದ.

"ಟಾರ್ಚ್ ಹಿಡೀತಿದ್ದೆ," ಎಂದಳು.

ಮುಂದೆ ಕೂರಲು ಒಪ್ಪದೆ ಅವಳು ಹಿಂದೆ ಪೆಟ್ಟಿಗೆಯ ಪಕ್ಕ ಹತ್ತಿ ಕೂತಳು. ಲಾರಿ ಗುಡ್ಡದ ದಾರಿ ಹಿಡಿಯಿತು. ಗಾಳಿ ಮುಖಕ್ಕೆ ಕುಯ್ಯುವಂತೆ ಬೀಸುತ್ತಿತ್ತು. ಮೈದುನ ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದ. "ಕೈಗೆಲ್ಲ ಆಯಿಲ್ ಆಗಿದೆ. ತಗೊಳ್ಳಿ, ಒರೆಸಿಕೊಳ್ಳಿ."

"ಇರಲಿ," ಎಂದಳು.

ಕಿತ್ತಾಗ ರಿಂಗ್ ಮರದ ತುಂಡಿನ ಹಾಗೆ ಸೆಟೆದುಕೊಂಡಿತ್ತು, ಅದರ ಅಂಚು ಮಣಿಕಟ್ಟಿಗೆ ಒತ್ತುತ್ತಿತ್ತು. ಮೊದಲ ತಿರುವು ದಾಟುವಾಗ ಅವಳು ತೋಳಿನೊಳಗೆ ಒಂದು ಬೆರಳು ತೂರಿಸಿ ಮುಟ್ಟಿ ನೋಡಿದಳು. ಮೈಯ ಬಿಸಿಗೆ ಅದು ಮೆತ್ತಗಾಗಿತ್ತು.