ಒರೆಸಿದ ಕೈ

“ಒಂದೇ ಒಂದು ಬೆರಳಿನ ಗುರುತೂ ಇಲ್ವಂತೆ ಅಜ್ಜಾ! ಕನ್ನಡಿ ಒರೆಸಿದ ಹಾಗೆ ಒರೆಸಿಟ್ಟಿದ್ದಾನೆ ಕಿಲಾಡಿ,” ಎಂದು ಇನ್ಸ್‌ಪೆಕ್ಟರ್ ಫೋನು ಕೆಳಗಿಟ್ಟು ನಕ್ಕರು.

ಕೇಸುಗಳಲ್ಲಿ ಸಿಕ್ಕಿದ ವಸ್ತುಗಳನ್ನು ಕಾಪಿಡುವ ಠಾಣೆಯ ಮಾಲುಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಯಾವುದೋ ಜಗಳದಲ್ಲಿ ಸಿಕ್ಕಿದ ಚಾಕುವಿನ ಪೊಟ್ಟಣಕ್ಕೆ ಬಟ್ಟೆ ಹೊಲಿಯುತ್ತಿದ್ದ ಎಣ್ಣೆಯಜ್ಜನ ಸೂಜಿ ಅರ್ಧಕ್ಕೇ ನಿಂತಿತು.

“ಯಾವುದು ಸಾರ್?”

“ಅದೇ, ಮೆಕ್ಯಾನಿಕ್‌ದು. ನಾನು ಮುಟ್ಟೇ ಇಲ್ಲ, ಬೆರಳಚ್ಚು ನೋಡಿ ಅಂತ ಬಾಯಿ ಬಾಯಿ ಬಡ್ಕೊಂಡನಲ್ಲ, ನೋಡಿದ್ವಿ. ಮುಟ್ಟದೇ ಇರೋನು ಒರೆಸ್ತಾನಾ? ಇದೊಂದು ಸಾಕು, ಆಯಸ್ಸು ಪೂರ್ತಿ ಒಳಗೇ.”

ಪೆಟ್ರೋಲ್ ಬಂಕಿನ ಕಾವಲುಗಾರನನ್ನು ಯಾರೋ ಗುಂಡಿಕ್ಕಿ ಕೊಂದಿದ್ದರು. ಪಿಸ್ತೂಲು ಸಿಕ್ಕಿದ್ದು ಮೆಕ್ಯಾನಿಕ್‌ನ ಶೆಡ್ಡಿನಲ್ಲಿ, ಹಳೇ ಬೇರಿಂಗುಗಳ ಡಬ್ಬದೊಳಗೆ. ಶೆಡ್ಡಿಗೆ ಹತ್ತಾರು ಜನ ಬರುತ್ತಾರೆ, ಯಾರೋ ತಂದು ತುರುಕಿದ್ದಾರೆ, ಇಟ್ಟವನ ಬೆರಳು ಅದರ ಮೇಲೆ ಇದ್ದೇ ಇರುತ್ತದೆ ಎಂದು ಅವನು ಸಿಕ್ಕಿಬಿದ್ದ ದಿನದಿಂದ ಹೇಳುತ್ತಲೇ ಇದ್ದ. ಮುಳುಗುವವನಿಗೆ ಹುಲ್ಲುಕಡ್ಡಿ ಇದ್ದ ಹಾಗೆ ಅವನಿಗಿದ್ದದ್ದು ಅದೊಂದೇ ಮಾತು.

ಅಜ್ಜ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತನ್ನ ಕೈ ನೋಡಿಕೊಂಡ.

ಎಣ್ಣೆಯಜ್ಜ ಎಂಬುದು ಕೋವಿಗಳಿಗೆ ಎಣ್ಣೆ ಹಚ್ಚೀ ಹಚ್ಚೀ ಬಂದ ಅಡ್ಡಹೆಸರು. ಸೇವೆಯ ಮುಕ್ಕಾಲು ಪಾಲು ಅವನು ಕಳೆದದ್ದು ಪೊಲೀಸರ ಕೋವಿಮನೆಯಲ್ಲಿ. ಸಂಜೆ ಪೇದೆಗಳು ತಂದು ಎಸೆದ ಬಂದೂಕುಗಳನ್ನು ಬಿಚ್ಚಿ, ನಳಿಗೆಯೊಳಗೆ ಗಜದ ಕಡ್ಡಿ ಹಾಕಿ ತಿಕ್ಕಿ, ಧೂಳು ಬೆವರು ಒರೆಸಿ ಇಡುವುದು ಅವನ ಕೆಲಸ. “ಮುಖ ತೊಳೀದೆ ಮಲಗು, ಪರವಾಗಿಲ್ಲ. ಕೋವಿ ಒರೆಸದೆ ಮಲಗಬೇಡ,” ಎಂದು ಕೆಲಸ ಕಲಿಸಿದ ಗುರು ಕಿವಿ ಹಿಂಡಿದ್ದ. ಮಂಡಿ ನೋವು ಹೆಚ್ಚಿ ನಿಲ್ಲಲಾಗದಾಗ, ಕೂತು ಮಾಡುವ ಕೆಲಸವೆಂದು ಇದೇ ಇನ್ಸ್‌ಪೆಕ್ಟರ್ ಮೇಲಿನವರ ಕೈಕಾಲು ಹಿಡಿದು ಅವನನ್ನು ಮಾಲುಕೋಣೆಗೆ ತಂದಿದ್ದರು. ಇಲ್ಲಿಯ ಧರ್ಮವೇ ಬೇರೆ. ಅಲ್ಲಿ ಕೊಳೆ ಅಂದರೆ ಪಾಪ. ಇಲ್ಲಿ ಕೊಳೆಯೇ ಸಾಕ್ಷಿ. ಸಿಕ್ಕಿದ್ದನ್ನು ಸಿಕ್ಕಿದ ಹಾಗೆಯೇ ಕಟ್ಟಿ ಅರಗಿನ ಮೊಹರು ಒತ್ತಬೇಕು. ತಲೆಗೆ ಅದು ಗೊತ್ತಿತ್ತು. ಕೈಗೆ ಯಾರು ಹೇಳಬೇಕು?

ಪಿಸ್ತೂಲು ಬಂದ ದಿನ ಠಾಣೆಯಲ್ಲಿ ಜಾತ್ರೆಯ ಗದ್ದಲ. “ಗುಂಡು ತೆಗೆದು ಕಟ್ಟಿಡಿ ಅಜ್ಜಾ,” ಎಂದು ಅವನ ಮೇಜಿನ ಮೇಲಿಟ್ಟು ಹೋಗಿದ್ದರು. ಗ್ರೀಸು, ಕಬ್ಬಿಣದ ಪುಡಿ ಮೆತ್ತಿಕೊಂಡು ಅದು ಚರಂಡಿಯಿಂದ ಎತ್ತಿದ ಇಲಿಯ ಹಾಗಿತ್ತು. ಗುಂಡು ತೆಗೆದ. ಆಮೇಲೆ ಕುದುರೆ, ಹಿಡಿ, ನಳಿಗೆ ಎಂದು ಬಟ್ಟೆ ತಾನಾಗಿ ಓಡಾಡಿತ್ತು. ಒರೆಸಿ ಮುಗಿದ ಮೇಲೆ ಮನಸ್ಸಿಗೆ ಹಾಯೆನಿಸಿದ್ದೂ ಅವನಿಗೆ ನೆನಪಿದೆ. ಮೊಹರು ಒತ್ತಿ ಎದ್ದವನಿಗೆ ತಾನು ಮಾಡಿದ್ದೇನೆಂದು ಇವತ್ತಿನ ತನಕ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್‌ನ ಅಕ್ಕ ಬಂದಳು. ಬಟ್ಟೆ ಇಸ್ತ್ರಿ ಮಾಡಿ ಬದುಕುವವಳು. ತಮ್ಮನಿಗೆ ಕೋರ್ಟಿಗೆ ಹಾಕಿಕೊಳ್ಳಲು ಮಡಿಸಿದ ಅಂಗಿ ತಂದಿದ್ದಳು. ಬೆರಳಚ್ಚಿನ ಸುದ್ದಿಯನ್ನು ಪೇದೆಯೊಬ್ಬ ಅವಳ ಕಿವಿಗೆ ಹಾಕಿಯೇಬಿಟ್ಟ.

“ಯಾರು, ನನ್ನ ತಮ್ಮ ಒರೆಸಿದ್ನಾ?” ಅವಳ ದನಿಗೆ ಠಾಣೆಯೆಲ್ಲ ತಿರುಗಿ ನೋಡಿತು. “ಉಂಡ ತಟ್ಟೆ ಎತ್ತಿಡೋಕೆ ಮೈಗಳ್ಳ ಅವನು! ಗ್ರೀಸು ಕೈಲೇ ಅನ್ನ ತಿಂತಾನೆ, ಅದೇ ಕೈಲಿ ಮೂಗು ಒರೆಸ್ಕೊಳ್ತಾನೆ. ಅವನ ಒಂದು ಅಂಗಿ ತೋರ್ಸಿ ನನಗೆ, ಕಲೆ ಇಲ್ದೇ ಇರೋದು!”

ಪೇದೆಗಳು ನಕ್ಕರು. ಎಣ್ಣೆಯಜ್ಜ ಎದ್ದು ಒಳಗೆ ಹೋದ.

ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಕೊಂಡ. ಅವಳು ಬಡಿಸುವ ಸೌಟು ಹಿಡಿದೇ ಕೇಳಿಸಿಕೊಂಡಳು.

“ನೀವು ಮನೇಲೂ ಹಾಗೇ. ನಾನು ಕುಡಿದ ನೀರಿನ ಲೋಟ ಕೆಳಗಿಡೋಕೆ ಬಿಡಲ್ಲ, ಕಿತ್ಕೊಂಡು ಒರೆಸ್ತೀರಿ,” ಎಂದಳು. ಆಮೇಲೆ ದನಿ ತಗ್ಗಿಸಿ, “ಅವನೇ ಕೊಂದಿದ್ರೆ?”

“ಕೊಂದಿರಲೂಬಹುದು ಕಣೇ. ನನಗೇನು ಗೊತ್ತು? ಆದ್ರೆ ಒರೆಸಿದ್ದು ಅವನಲ್ಲ.”

“ಮತ್ತೆ ನನ್ನ ಮುಖ ಯಾಕೆ ನೋಡ್ತೀರಿ? ನಾನೇನು ಜಡ್ಜಾ?”

ಬೆಳಿಗ್ಗೆ ಅಜ್ಜ ಇನ್ಸ್‌ಪೆಕ್ಟರ ಮುಂದೆ ನಿಂತ. ಅವನ ಮಾತು ಮುಗಿಯುವ ಮುಂಚೆಯೇ ಅವರು ಎದ್ದು ಬಾಗಿಲು ಹಾಕಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

“ನೀವು ಒರೆಸಿಲ್ಲ ಅಜ್ಜಾ.”

“ಒರೆಸಿದೀನಿ ಸಾರ್.”

“ಜೀವಮಾನವೆಲ್ಲ ಒರೆಸಿದವರು ನೀವು. ಯಾವತ್ತು ಯಾವುದನ್ನ ಒರೆಸಿದ್ರಿ ಅಂತ ಹೇಗೆ ಹೇಳ್ತೀರಿ? ವಯಸ್ಸು, ಮರೆವು.” ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. “ಸತ್ತವನಿಗೂ ಹೆಂಡತಿ ಮಕ್ಕಳಿದ್ದಾರೆ. ಈ ಕೇಸು ಕೈಬಿಟ್ಟರೆ ಅವರಿಗೆ ನಾನೇನು ಹೇಳ್ಲಿ? ಕೋರ್ಟಲ್ಲಿ ಮೊಹರು ನಿಮ್ಮದೇನಾ ಅಂತ ಕೇಳ್ತಾರೆ. ಹೌದು ಅನ್ನಿ. ಸುಳ್ಳು ಹೇಳಿ ಅಂದ್ನಾ ನಾನು? ಕೇಳಿದಷ್ಟಕ್ಕೆ ಹೇಳಿ ಇಳಿದು ಬನ್ನಿ.”

ಕುರ್ಚಿಯಿಂದ ಏಳುವಾಗ ಅಜ್ಜನ ಮಂಡಿ ಲಟಕ್ಕೆಂದಿತು. ಅವರೇ ಕೈ ಕೊಟ್ಟು ಎಬ್ಬಿಸಿದರು.

ಕೋರ್ಟಿನಲ್ಲಿ ಎಲ್ಲವೂ ಅವರು ಹೇಳಿದ ಹಾಗೆಯೇ ನಡೆಯಿತು. ಸರ್ಕಾರಿ ವಕೀಲರು ಪೊಟ್ಟಣ ತೋರಿಸಿದರು. ಮೊಹರು ನಿಮ್ಮದೇ? ಹೌದು. ಲ್ಯಾಬಿಗೆ ಹೋಗುವವರೆಗೂ ಹಾಗೇ ಇತ್ತೇ? ಇತ್ತು. ಅರಗು ಒಡೆದು ಪಿಸ್ತೂಲನ್ನು ಅವನ ಮುಂದಿಟ್ಟರು. ಇದೇ ಏನು? ಇದೇ. ಅದರ ಕುದುರೆಯ ಸಂದಿನಲ್ಲಿ ಕೆಂಪು ಅರಗಿನ ಚೂರೊಂದು ಸಿಕ್ಕಿಕೊಂಡಿತ್ತು. ಅಜ್ಜ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಆಯಿತು, ಇಳಿಯಬಹುದು.”

ಅಜ್ಜ ಇಳಿಯಲಿಲ್ಲ. ಕಾಲು ಹಿಡಿದುಕೊಂಡಿತೇನೋ ಎಂದು ಪೇದೆಯೊಬ್ಬ ಆಸರೆಗೆ ಬಂದ.

“ಸ್ವಾಮಿ, ಇದನ್ನ ಒರೆಸಿದ್ದು ನಾನು.”

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. “ಯಾಕೆ ಒರೆಸಿದಿರಿ?”

“ಗಲೀಜಾಗಿತ್ತು ಸ್ವಾಮಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಎದುರಿನ ಆರೋಪಿಯ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಮೆಕ್ಯಾನಿಕ್ ಮೊದಲ ಸಲ ಮುಖ ಎತ್ತಿದ. ಆಮೇಲೆ ವಕೀಲರಿಬ್ಬರೂ ಒಟ್ಟಿಗೆ ಎದ್ದು ಮಾತಾಡತೊಡಗಿದರು. ಮಾತಿಗೆ ಮಾತು ಬೆಳೆದು ಕೇಸು ಮುಂದಕ್ಕೆ ಹೋಯಿತು.

ಹೊರಗೆ ಬಂದಾಗ ಠಾಣೆಯ ಜೀಪು ಹೊರಟುಹೋಗಿತ್ತು. ಬೆಳಿಗ್ಗೆ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ ಜೀಪು. ಕುಂಟುತ್ತಾ ಬಸ್ ನಿಲ್ದಾಣಕ್ಕೆ ನಡೆದ. ಬಸ್ಸಿನಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಅದರ ಮೇಲೆ ಒಂದು ಬ್ಯಾಗು, ಬ್ಯಾಗಿನ ಪಕ್ಕದಲ್ಲಿ ಮೆಕ್ಯಾನಿಕ್‌ನ ಅಕ್ಕ.

ಅಜ್ಜ ಕಂಬಿ ಹಿಡಿದು ನಿಂತ. ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು: “ಒಪ್ಕೊಂಡ್ರಿ. ಸರಿ. ಇಟ್ಟವನ ಬೆರಳನ್ನೂ ಒರೆಸಿಬಿಟ್ರಲ್ಲ ಯಜಮಾನ್ರೇ, ಅದನ್ನ ಎಲ್ಲಿಂದ ತರ್ತೀರಿ?”

ಬಸ್ಸು ತಿರುವಿನಲ್ಲಿ ವಾಲಿತು. ಅವನ ಮಂಡಿ ಸೋತು, ಎರಡೂ ಕೈಯಲ್ಲಿ ಕಂಬಿಯನ್ನು ತಬ್ಬಿ ಹಿಡಿದ. ಕಂಡಕ್ಟರ್ ಬಂದ, ಟಿಕೇಟು ಹರಿದ, ಹೋದ.

ಮುಂದಿನ ನಿಲ್ದಾಣದಲ್ಲಿ ಯಾರೂ ಇಳಿಯಲಿಲ್ಲ. ಬಸ್ಸು ಮತ್ತೆ ಹೊರಟ ಮೇಲೆ, ಅವಳು ಅವನ ಕಡೆ ನೋಡದೆಯೇ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.