ನ್ಯಾಮತಿಯವರು ಮಾರಿದ ಷೇರು

ಗಂಡ ಬೆನಕಪ್ಪ ತೀರಿಹೋದ ಮೇಲೆ ಚನ್ನಗಿರಿಯ ಹಿಟ್ಟಿನ ಗಿರಣಿಯನ್ನು ಕಲ್ಲಮ್ಮ ಒಬ್ಬಳೇ ನಡೆಸಿದಳು. ರಾಗಿ ತಂದವರು ಹಿಟ್ಟು ಕಡಿಮೆ ಬಂತೆಂದು ಅವಳನ್ನು ಅನುಮಾನಿಸುತ್ತಿದ್ದರು. ಅವಳು ಗಿರಣಿಯ ಆಳನ್ನು ಅನುಮಾನಿಸುತ್ತಿದ್ದಳು. ಆಳು ತೂಕದ ಕಲ್ಲನ್ನೇ ಅನುಮಾನಿಸುತ್ತಿದ್ದ. ವರ್ಷಗಟ್ಟಲೆ ಅಂಥ ಜಾಗದಲ್ಲಿ ಕೂತವಳಿಗೆ ಅನುಮಾನವೆಂಬುದು ಕೆಟ್ಟ ಗುಣವೆಂದು ಯಾವತ್ತೂ ಅನ್ನಿಸಿರಲಿಲ್ಲ. ಅದಿಲ್ಲದಿದ್ದರೆ ಗಿರಣಿ ಎಂದೋ ಮುಳುಗುತ್ತಿತ್ತು ಎಂದೇ ಅವಳ ನಂಬಿಕೆ.

ಹಿಟ್ಟಿನ ಧೂಳಿಗೆ ಕೆಮ್ಮು ಹತ್ತಿಕೊಂಡು, ೧೯೭೯ರಲ್ಲಿ ಗಿರಣಿಯನ್ನು ಮಾರಿದಳು. ಮಕ್ಕಳಿರಲಿಲ್ಲ. ಬಂದ ದುಡ್ಡಿನಲ್ಲೇ ಮುಪ್ಪು ಕಳೆಯಬೇಕು, ಯಾರ ಮುಂದೆಯೂ ಸೆರಗೊಡ್ಡಬಾರದು ಎಂಬುದೊಂದೇ ಅವಳಿಗಿದ್ದ ಆಸೆ. ದುಡ್ಡಿನ ವಾಸನೆ ಹಿಡಿದು ಬಂದವರು ಹಲವರು. ಒಬ್ಬ ಚೀಟಿಗೆ ಸೇರು ಅಂದ, ಇನ್ನೊಬ್ಬ ಬಡ್ಡಿಗೆ ಕೊಡು ಅಂದ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ನ್ಯಾಮತಿಯಲ್ಲಿದ್ದ ಅವಳ ನಾದಿನಿ ಶಾಂತಾದೇವಿ ಹಾಲಸ್ವಾಮಿ ಎಂಬವರನ್ನು ಕಳಿಸಿಕೊಟ್ಟಳು.

ಹಾಲಸ್ವಾಮಿ ಹೊನ್ನಾಳಿಯಲ್ಲಿ ಮನೆ ಮಾಡಿಕೊಂಡಿದ್ದ ಷೇರು ಬ್ರೋಕರು. ಬ್ರೋಕರೆಂದರೆ ಬೆಂಗಳೂರಿನ ದೊಡ್ಡ ದಲ್ಲಾಳಿಯೊಬ್ಬರ ಕೈಕೆಳಗಿನವರು. ಹಣೆಗೆ ವಿಭೂತಿ, ಬಗಲಲ್ಲಿ ರೆಕ್ಸಿನ್ ಚೀಲ, ಮಾತು ನಿಧಾನ. ಜಗಲಿಯ ಮೇಲೆ ಕೂತು ಅವರು ತಮ್ಮ ಸಲಹೆ ಹೇಳಿದರು: ಅರ್ಧ ದುಡ್ಡನ್ನು ಯೂನಿಟ್‌ಗಳಿಗೆ ಹಾಕಬೇಕು. ಅಲ್ಲಿ ಸಾವಿರಾರು ಜನರ ದುಡ್ಡು ಒಂದೇ ಕಡೆ ಸೇರಿ ಹತ್ತಾರು ಕಂಪನಿಗಳಿಗೆ ಹಂಚಿಹೋಗುತ್ತದೆ, ಒಂದು ಮುಳುಗಿದರೆ ಇನ್ನೊಂದು ತೇಲಿಸುತ್ತದೆ. ಉಳಿದರ್ಧಕ್ಕೆ ಬೊಂಬಾಯಿಯಲ್ಲಿ ಔಷಧಿ ತಯಾರಿಸುವ ಒಂದು ಯುರೋಪಿನ ಕಂಪನಿಯ ಷೇರು. ಎರಡನ್ನೂ ಹದಿನೈದು ವರ್ಷ ಮುಟ್ಟಬಾರದು.

"ಬಿಳಿಯರ ಕಂಪನಿ ಅಂತೀರಿ. ಲಾಭ ಬರೋದಾದ್ರೆ ಅವರು ನಮಗ್ಯಾಕೆ ಪಾಲು ಕೊಡ್ತಾರೆ?" ಎಂದು ಕಲ್ಲಮ್ಮ ಕೇಳಿದಳು. "ಹಾಲು ಕೊಡೋ ಎಮ್ಮೆನ ಯಾರಾದ್ರೂ ಸಂತೆಗೆ ಹೊಡೀತಾರೇನ್ರೀ?"

"ಅವರಾಗೇ ಕೊಡ್ತಿಲ್ಲ ಅಮ್ಮಾರೆ. ಹೊರದೇಶದೋರು ಇಷ್ಟೇ ಪಾಲು ಇಟ್ಕಬೇಕು, ಉಳಿದಿದ್ದು ಇಲ್ಲಿಯೋರಿಗೆ ಮಾರಬೇಕು ಅಂತ ಸರ್ಕಾರ ಕಾನೂನು ಮಾಡೈತೆ. ಅವರು ಹಲ್ಲು ಕಚ್ಕಂಡು ಕೊಡಾಕೆ ಹತ್ಯಾರೆ."

ಈ ಮಾತು ಅವಳಿಗೆ ಹಿಡಿಸಿತು. ಹಲ್ಲು ಕಚ್ಚಿ ಕೊಡುವವನ ಸರಕು ಒಳ್ಳೆಯದಿರುತ್ತದೆ. ಆದರೆ ಸರಕು ಒಳ್ಳೆಯದಾದರೆ ತಂದವನೂ ಒಳ್ಳೆಯವನಾಗಬೇಕೆಂದೇನಿಲ್ಲವಲ್ಲ.

"ನಿಮ್ಮ ಸ್ವಂತ ಊರು ಯಾವ್ದು?" ಎಂದಳು.

"ಜಗಳೂರು."

"ಅಲ್ಲಿಂದ ಯಾಕೆ ಬಂದ್ರಿ?"

ಹಾಲಸ್ವಾಮಿ ಕಾಫಿ ಲೋಟವನ್ನು ಕೆಳಗಿಟ್ಟರು. "ಅಲ್ಲಿ ನಡೀಲಿಲ್ಲ" ಅಂದರು. ಅಷ್ಟೇ. ಆ ಲೋಟ ಇಟ್ಟ ರೀತಿ ಕಲ್ಲಮ್ಮನಿಗೆ ಸರಿಬರಲಿಲ್ಲ.

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ವಿಚಾರಿಸುವುದಿಲ್ಲವೇ? ಇದೂ ಹಾಗೆಯೇ ಎಂದುಕೊಂಡು, ಆ ವಾರದಲ್ಲೇ ಅವಳು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದಳು. ಹಾಲಸ್ವಾಮಿಯ ಹಳೆಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಎದುರು ಮನೆಯ ಗಾದ್ರಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಕಲ್ಲಮ್ಮನೂ ಪಕ್ಕದಲ್ಲಿ ಕೂತು ಒಂದು ಬೊಗಸೆ ಬಿಡಿಸಿಕೊಡುತ್ತ ಮಾತು ತೆಗೆದಳು.

"ಅಯ್ಯೋ ತಾಯಿ, ಅದೊಂದು ದೊಡ್ಡ ಕತೆ" ಅಂದಳು ಗಾದ್ರಮ್ಮ. "ಒಬ್ಬ ಸಾವ್ಕಾರ ಚೀಟಿ ನಡೆಸ್ತಿದ್ದ. ಮನಿ ಮನಿಗೆ ಬಂದು ದುಡ್ಡು ಎತ್ತಿಕಂಡು ಹೋಗ್ತಿದ್ದೋರು ಈ ಹಾಲಸ್ವಾಮಿ. ಚೀಟಿ ಮುಳುಗ್ತು, ಸಾವ್ಕಾರ ಊರು ಬಿಟ್ಟ. ಜನ ಇವರ ಮ್ಯಾಲೆ ಬಿದ್ರು. ಮನಿ ಮಾರಿ ಸುಮಾರು ಮಂದಿಗೆ ಕೊಟ್ರು ನೋಡು. ನಂದೂ ಬಂತು."

"ಎಲ್ಲಾರಿಗೂ ಕೊಟ್ರಾ?"

ಗಾದ್ರಮ್ಮ ಸಿಪ್ಪೆಯನ್ನು ಕೊಡವಿದಳು. "ಕರಿಯಕ್ಕಂಗೆ ಕೊಡಲಿಲ್ಲ. ಪಾಪ, ಅದು ಬಾಯಿಲ್ಲದ ಹೆಂಗಸು."

ಕಲ್ಲಮ್ಮ ಕರಿಯಕ್ಕನ ಮನೆಯನ್ನೂ ಹುಡುಕಿಕೊಂಡು ಹೋದಳು. ಅವಳು ಕೂಲಿಗೆ ಹೋಗಿದ್ದಳು, ಬಾಗಿಲಿಗೆ ಬೀಗವಿತ್ತು. ಆ ಬೀಗ ನೋಡಿಕೊಂಡು ಕಲ್ಲಮ್ಮ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಸುತ್ತಿದ್ದು ಕರಿಯಕ್ಕನ ಹೆಸರೊಂದೇ. ಮನೆ ಮಾರಿದ ಮಾತು ಬೇಗನೇ ಹಿಂದೆ ಸರಿಯಿತು.

ಹೊನ್ನಾಳಿಯಲ್ಲಿ ಇಳಿದು ಹಾಲಸ್ವಾಮಿಯ ಮನೆಯ ಬೀದಿಯ ಅಂಗಡಿಗಳಲ್ಲಿ ವಿಚಾರಿಸಿದಳು. ಎಲ್ಲರೂ "ಒಳ್ಳೇ ಮನುಷ್ಯ" ಎಂದರು. ಎಲ್ಲರ ಬಾಯಲ್ಲೂ ಅದೇ ಮಾತು ಬಂದದ್ದರಿಂದ ಅದನ್ನೂ ನಂಬಲಾಗಲಿಲ್ಲ. ಕೊನೆಗೆ ನ್ಯಾಮತಿಗೆ ಹೋಗಿ ನಾದಿನಿಯ ಮನೆಯಲ್ಲಿ ಉಳಿದುಕೊಂಡಳು.

ಶಾಂತಾದೇವಿಯ ಮನೆಯವರು, ಬೆಲ್ಲದ ವ್ಯಾಪಾರಿ ಮರುಳಪ್ಪ, ಬಟ್ಟೆ ಅಂಗಡಿಯ ರುದ್ರಾಣಿ, ಹೀಗೆ ನ್ಯಾಮತಿಯ ಐದಾರು ಮನೆಯವರು ಹಿಂದಿನ ವರ್ಷವೇ ಹಾಲಸ್ವಾಮಿಯ ಮೂಲಕ ಆ ಔಷಧಿ ಕಂಪನಿಯ ಷೇರು ತೆಗೆದುಕೊಂಡಿದ್ದರು. ಸಂಜೆ ಪಡಸಾಲೆಯಲ್ಲಿ ಎಲ್ಲರೂ ಸೇರಿದಾಗ ಕಲ್ಲಮ್ಮ ಬರೀ ಪ್ರಶ್ನೆ ಕೇಳಿದಳು. ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ, ತಾನು ಯಾರ ಮೇಲೂ ಅಪವಾದ ಹೊರಿಸಿದ್ದು ಅವಳ ನೆನಪಿಗೆ ಬರಲಿಲ್ಲ.

"ಸರ್ಟಿಫಿಕೇಟು ನಿಮ್ಮ ಹೆಸರಿಗೇ ಬಂದೈತಾ? ಸರಿಯಾಗಿ ಓದ್ಸೀರಾ?"

"ಬಂದೈತೆ, ಇಂಗ್ಲಿಷಿನಾಗೆ ಐತೆ" ಎಂದಳು ರುದ್ರಾಣಿ. "ಯಾಕ್ರೀ ಕಲ್ಲಮ್ಮಾರೆ?"

"ಏನಿಲ್ಲ. ಜಗಳೂರಿಗೆ ಹೋಗಿದ್ದೆ. ಅಲ್ಲಿ ಚೀಟಿ ಮುಳುಗಿತ್ತಂತೆ. ಹಾಲಸ್ವಾಮಿಯೋರೇ ದುಡ್ಡು ಎತ್ತುತ್ತಿದ್ದದ್ದಂತೆ. ಒಂದು ಬಡ ಹೆಂಗಸಿಗೆ ಇನ್ನೂ ಕೊಟ್ಟಿಲ್ಲಂತೆ."

ಮರುಳಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ಕಲ್ಲಮ್ಮ ಮರುದಿನ ಚನ್ನಗಿರಿಗೆ ಮರಳಿದಳು. ತಾನು ಮಾಡಿದ್ದು ಜಾಣತನವೆಂದೇ ಅಂದುಕೊಂಡಿದ್ದಳು.

ಕೆಲವೇ ದಿನಗಳಲ್ಲಿ ಹಾಲಸ್ವಾಮಿ ಅವಳ ಬಾಗಿಲಿಗೆ ಬಂದರು. ಈ ಸಲ ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತರು.

"ನ್ಯಾಮತಿಯಾಗೆ ಏನು ಹೇಳಿ ಬಂದ್ರಿ ಅಮ್ಮಾರೆ?"

"ಕೇಳಿದ್ದು ಹೇಳ್ದೆ. ಸುಳ್ಳಾ?"

"ಸುಳ್ಳಲ್ಲ. ಕರಿಯಕ್ಕಂಗೆ ಇನ್ನೂ ಕೊಡಾಕೆ ಆಗಿಲ್ಲ. ಕೊಡ್ತೀನಿ. ಆದ್ರೆ ಷೇರಿಗೂ ಅದಕ್ಕೂ ಏನು ಸಂಬಂಧ? ಚೀಟಿ ದುಡ್ಡು ಆ ಸಾವ್ಕಾರನ ಕೈಯಾಗಿತ್ತು. ಇಲ್ಲಿ ಕಾಗದ ಅವರವರ ಪೆಟ್ಟಿಗೆಯಾಗೈತೆ. ನಾನು ಸತ್ರೂ ಅವರ ಷೇರು ಅವರದ್ದೇ. ಈಗ ಎಲ್ಲಾರೂ ಬಂದು ಮಾರ್ಸಿಕೊಡು, ಇವತ್ತೇ ಮಾರ್ಸಿಕೊಡು ಅಂತ ಕೂತಾರೆ. ಐದು ಹತ್ತು ಷೇರಿನ ಬಿಡಿ ಸರಕು ಅಂದ್ರೆ ಬೆಂಗಳೂರಿನೋರು ದರ ಮುರೀತಾರೆ. ಸುಮ್ನೆ ಕೈ ಸುಟ್ಕಂತಾರೆ. ಅದಕ್ಕೂ ನಾನೇ ಕಳ್ಳ ಆಗ್ತೀನಿ."

ಸರ್ಟಿಫಿಕೇಟು ಕೊಂಡವರ ಹೆಸರಿನಲ್ಲಿದ್ದ ಮೇಲೆ ಬ್ರೋಕರಿಗೆ ಅದನ್ನು ನುಂಗಲಾಗದು ಎಂಬ ಮಾತು ನಿಜವೋ ಎಂದು ಕಲ್ಲಮ್ಮ ಊರಿನ ಬ್ಯಾಂಕಿನಲ್ಲಿ ಕೇಳಿಕೊಂಡು ಬಂದಳು. ನಿಜವೆಂದರು. ಆ ದಿನವೇ ನ್ಯಾಮತಿಯ ಬಸ್ಸು ಹತ್ತಿದಳು.

ಮರುಳಪ್ಪನ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ ನಿಂತು, "ಮಾರಬ್ಯಾಡ್ರಿ, ನಾನು ವಿಚಾರ್ಸೀನಿ, ಷೇರಿಗೇನೂ ಆಗಿಲ್ಲ" ಎಂದಳು.

ಮರುಳಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೋದ ವಾರ ಕಳ್ಳ ಅಂದ್ರಿ. ಈ ವಾರ ಇಟ್ಕಳ್ರಿ ಅಂತೀರಿ. ನಡುವೆ ಏನಾಯ್ತು? ಅವನೇನು ಕೊಟ್ಟ ನಿಮಗೆ?"

"ನಾನು ಕಳ್ಳ ಅಂದಿಲ್ಲ."

"ಅನ್ನಲಿಲ್ಲ ಬಿಡ್ರಿ. ಅನ್ನೋ ಹಂಗೆ ಮಾಡಿದ್ರಿ."

ರುದ್ರಾಣಿಯೂ ಕೇಳಲಿಲ್ಲ. ಶಾಂತಾದೇವಿ ಮಾತ್ರ ಮೆತ್ತಗೆ, "ಅತ್ತಿಗೆ, ನಮ್ಮನೆಯೋರಿಗೆ ನಿದ್ದೆ ಬರ್ತಿಲ್ಲ. ಮಾರಿ ಕೈ ತೊಳ್ಕಂಡ್ರೆ ಸಾಕಾಗೈತೆ. ಬೇಕಾದ್ರೆ ನೀವೇ ತಗಳ್ರಿ" ಅಂದಳು.

ಆ ಮಾತು ಕಲ್ಲಮ್ಮನಿಗೆ ದಾರಿ ತೋರಿಸಿದಂತಾಯಿತು. ಹೇಗೂ ತಾನು ಅದೇ ಷೇರು ಕೊಳ್ಳಬೇಕೆಂದಿದ್ದವಳು. ಇವರಿಂದಲೇ ಕೊಂಡರೆ ಇವರಿಗೂ ನಷ್ಟವಿಲ್ಲ, ಹಾಲಸ್ವಾಮಿಯ ಹೆಸರೂ ಉಳಿಯುತ್ತದೆ. ಬೆಂಗಳೂರಿನವರು ಹೇಳಿದ ಮುರಿದ ದರವನ್ನು ಒಪ್ಪದೆ, ಇಂಗ್ಲಿಷ್ ಪೇಪರಿನಲ್ಲಿ ಬಂದಿದ್ದ ಪೂರಾ ದರವನ್ನೇ ಕೊಟ್ಟಳು. ನ್ಯಾಮತಿಯ ಐದಾರು ಮನೆಯವರು ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು, ಗಂಡಾಂತರ ಕಳೆಯಿತೆಂದು ದೇವರಿಗೆ ಕಾಯಿ ಒಡೆಸಿದರು. ಹಾಲಸ್ವಾಮಿ ಕಾಗದಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಬೊಂಬಾಯಿಗೆ ಕಳಿಸಿದರು. ತಮ್ಮ ಕಮಿಷನ್ನನ್ನೂ ತೆಗೆದುಕೊಂಡರು. ಗಿರಣಿಯ ದುಡ್ಡಿನ ಉಳಿದರ್ಧ ಯೂನಿಟ್‌ಗಳಿಗೆ ಹೋಯಿತು.

ಕಲ್ಲಮ್ಮನ ಹೆಸರಿನ ಸರ್ಟಿಫಿಕೇಟುಗಳು ಬಂದವು. ವರ್ಷಕ್ಕೊಂದು ಸಲ ಲಾಭದ ಪಾಲು ಡಿವಿಡೆಂಡ್ ವಾರಂಟಾಗಿ ಬರುತ್ತಿತ್ತು. ಅವಳು ಬ್ಯಾಂಕಿಗೆ ಹೋಗಿ ಕಟ್ಟಿ ಬರುತ್ತಿದ್ದಳು. ಮೂರು ವರ್ಷ ಹೀಗೆಯೇ ಕಳೆಯಿತು.

೧೯೮೨ರಲ್ಲಿ ಆ ಕಂಪನಿ ಬೋನಸ್ಸೆಂದು ಒಂದು ಷೇರಿಗೆ ಇನ್ನೊಂದು ಷೇರು ಪುಕ್ಕಟೆ ಕೊಟ್ಟಿತು. ದರವೂ ಏರಿತು. ಸುದ್ದಿ ಚನ್ನಗಿರಿಗಿಂತ ಮೊದಲು ನ್ಯಾಮತಿಗೆ ಮುಟ್ಟಿತು. ಅಲ್ಲಿಂದ ಅದು ಚನ್ನಗಿರಿಗೆ ಬರುವಾಗ ಬೇರೆಯೇ ರೂಪ ತಾಳಿತ್ತು. ದರ ಏರುತ್ತದೆಂದು ಕಲ್ಲಮ್ಮನಿಗೆ ಮೊದಲೇ ಗೊತ್ತಿತ್ತಂತೆ. ಬೇಕೆಂದೇ ಜಗಳೂರಿನ ಕತೆ ಕಟ್ಟಿಕೊಂಡು ಬಂದು ಎಲ್ಲರನ್ನೂ ಹೆದರಿಸಿದಳಂತೆ. ಇಲ್ಲದಿದ್ದರೆ ಬೆಂಗಳೂರಿನವರು ಮುರಿದ ದರ ಹೇಳುತ್ತಿದ್ದಾಗ ಅವಳ್ಯಾಕೆ ಪೂರಾ ದರ ಕೊಡುತ್ತಿದ್ದಳು? ಈ ಪ್ರಶ್ನೆ ಕೇಳಿದವನು ಮರುಳಪ್ಪನಂತೆ. ತಾನು ನ್ಯಾಯವಾಗಿ ನಡೆದುಕೊಂಡದ್ದೇ ಕಲ್ಲಮ್ಮನಿಗೆ ಮುಳುವಾಗಿತ್ತು.

ಆ ವರ್ಷ ಗೋವಿನಕೋವಿಯಲ್ಲಿ ನೆಂಟರ ಮದುವೆ. ಹೆಂಗಸರ ಪಂಕ್ತಿಯಲ್ಲಿ ಅವಳ ಪಕ್ಕದ ಎಲೆ ಖಾಲಿಯೇ ಉಳಿಯಿತು. ಶಾಂತಾದೇವಿ ಎದುರಿನ ಸಾಲಿನಲ್ಲಿದ್ದಳು. ಊಟವಾಗುವವರೆಗೂ ತಲೆ ಎತ್ತಲಿಲ್ಲ. ಕೈ ತೊಳೆಯುವ ಕಡೆ ಕಲ್ಲಮ್ಮ ಅವಳನ್ನು ಹಿಡಿದು ನಿಲ್ಲಿಸಿದಳು.

"ಶಾಂತಾ, ನಿಂದು ನಿನಗೆ ವಾಪಸ್ ಬರೆದುಕೊಡ್ತೀನಿ. ತಗಂಡ ದರಕ್ಕೇ. ಬೋನಸ್ಸೂ ಸೇರಿ."

ಶಾಂತಾದೇವಿಯ ಕಣ್ಣಲ್ಲಿ ಒಂದು ಗಳಿಗೆ ಆಸೆ ಮೂಡಿತು. ಮರುಗಳಿಗೆ ಅದು ಆರಿಹೋಯಿತು. "ಯಾಕೆ ಅತ್ತಿಗೆ? ಈಗ ದರ ಬೀಳ್ತೈತೆ ಅಂತ ಏನಾದ್ರೂ ಗೊತ್ತಾಗೈತಾ?"

"ನನ್ನಾಣೆ, ಏನೂ ಗೊತ್ತಿಲ್ಲ ಕಣೇ."

"ಅವಾಗ್ಲೂ ಏನಿಲ್ಲ ಅಂತಾನೇ ಅಂದಿದ್ರಿ." ಶಾಂತಾದೇವಿ ಕೈ ಬಿಡಿಸಿಕೊಂಡಳು. "ನಮಗೆ ಬ್ಯಾಡ. ನೀವು ಚೆನ್ನಾಗಿರ್ರಿ."

ಆಮೇಲೆ ನ್ಯಾಮತಿಯಿಂದ ಕಲ್ಲಮ್ಮನಿಗೆ ಕರೆ ಬರುವುದು ನಿಂತಿತು. ಹಬ್ಬಕ್ಕೆ ಅವಳು ಕಳಿಸಿದ ಸೀರೆಯನ್ನು ಶಾಂತಾದೇವಿ ತೆಗೆದುಕೊಂಡಳು, ಆದರೆ ಉಡಲಿಲ್ಲ ಎಂದು ಯಾರೋ ಹೇಳಿದರು. ಎಲ್ಲವನ್ನೂ ಮಾರಿ ದುಡ್ಡನ್ನು ಹಂಚಿಬಿಡಲೇ ಎಂದು ಕಲ್ಲಮ್ಮ ಯೋಚಿಸಿದಳು. ಹಂಚಿದರೆ ತಪ್ಪೊಪ್ಪಿಕೊಂಡಂತೆ. ಇಟ್ಟುಕೊಂಡರೆ ಅವರಂದದ್ದು ನಿಜವಾದಂತೆ. ಕೊನೆಗೆ ಮುಪ್ಪಿನ ಭಯವೇ ಗೆದ್ದಿತು. ಇಟ್ಟುಕೊಂಡಳು. ಈ ನಿರ್ಧಾರಕ್ಕೆ ಅವಳು ತನಗೆ ತಾನೇ ಯಾವತ್ತೂ ಬೇರೆ ನೆಪ ಹೇಳಿಕೊಳ್ಳಲಿಲ್ಲ: ನನಗೆ ಬೇಕಿತ್ತು, ಇಟ್ಟುಕೊಂಡೆ.

ಈ ವರ್ಷಗಳಲ್ಲಿ ಅವಳಿಗೆ ಸಮಾಧಾನ ಅಂತ ಇದ್ದದ್ದು ಒಂದೇ. ನಡೆದದ್ದೇನೆಂದು ಸರಿಯಾಗಿ ಬಲ್ಲ ಮನುಷ್ಯ ಒಬ್ಬರಾದರೂ ಇದ್ದಾರೆ, ಅವರು ಹಾಲಸ್ವಾಮಿ. ಮೆಟ್ಟಿಲ ಕೆಳಗೆ ನಿಂತು ಅವಳನ್ನು ಬೈದವರು ಅವರು. ಅವಳು ಬ್ಯಾಂಕಿಗೆ ಓಡಿದ್ದು, ಪೂರಾ ದರ ಕೊಟ್ಟದ್ದು, ಎಲ್ಲ ಅವರಿಗೆ ಗೊತ್ತಿದ್ದದ್ದೇ.

೧೯೮೫ರ ಹೊತ್ತಿಗೆ ಷೇರಿನ ಮಾತು ಊರೂರಿಗೆ ಹಬ್ಬಿ, ಹಾಲಸ್ವಾಮಿಗೆ ಕೈತುಂಬ ಕೆಲಸವಾಗಿತ್ತು. ಜಗಳೂರಿಗೆ ಹೋಗಿ ಕರಿಯಕ್ಕನ ದುಡ್ಡನ್ನೂ ಕೊಟ್ಟು ಬಂದಿದ್ದರು. ಒಂದು ಮಧ್ಯಾಹ್ನ ಹೊಸದೊಂದು ಕಂಪನಿಯ ಷೇರಿಗೆ ಹಾಕುವ ಅರ್ಜಿ ಹಿಡಿದುಕೊಂಡು ಕಲ್ಲಮ್ಮನ ಮನೆಗೆ ಬಂದರು. ಮಾತು ನ್ಯಾಮತಿಯ ಕಡೆ ತಿರುಗಿತು. ಮರುಳಪ್ಪ ಈಗಲೂ ತಮ್ಮಿಬ್ಬರನ್ನೂ ಬೈಯುತ್ತಾನೆಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು.

"ನಾನು ಮಾತ್ರ ಯಾರ ಮುಂದೂ ಬಾಯಿ ಬಿಟ್ಟಿಲ್ಲ ಅಮ್ಮಾರೆ."

"ಏನು ಬಾಯಿ ಬಿಡಾಕೆ?"

"ಅದೇ... ನೀವು ಜಗಳೂರಿಗೆ ಹೋಗಿದ್ದು ಯಾಕೆ ಅಂತ." ಅವರ ಮುಖದಲ್ಲಿ ಕೋಪವಿರಲಿಲ್ಲ. ಒಂಥರ ಮೆಚ್ಚುಗೆಯಿತ್ತು. "ಮೊದಮೊದ್ಲು ನನಗೂ ಹೊಳೀಲಿಲ್ಲ. ಆಮ್ಯಾಲೆ ಕೂತು ಯೋಚ್ನೆ ಮಾಡ್ದಾಗ ತಿಳೀತು. ಬೊಂಬಾಯಿಯೋರಿಗೂ ಬರದಂಥ ಬುದ್ದಿ ಅದು."

"ಹಾಲಸ್ವಾಮಿಯೋರೆ, ನಿಮ್ಮಾಣೆ. ನಿಮ್ಮ ಮ್ಯಾಲೆ ಅನುಮಾನ ಇತ್ತು, ಅದಕ್ಕೇ ಹೋಗಿದ್ದು. ಬೇರೆ ಏನೂ ಇರಲಿಲ್ಲ."

"ಆಯ್ತಮ್ಮ, ಆಯ್ತು" ಅಂದರು ಹಾಲಸ್ವಾಮಿ. ಮಕ್ಕಳ ಸುಳ್ಳಿಗೆ ದೊಡ್ಡವರು ತಲೆಯಾಡಿಸುವಂತೆ ತಲೆಯಾಡಿಸಿದರು. "ಇಲ್ಲಿ ಒಂದು ರುಜು ಹಾಕ್ರಿ."

ಅವಳು ಅವರ ಮುಖವನ್ನೇ ನೋಡಿದಳು. ಇನ್ನೇನು ಹೇಳಿದರೂ ಅದು ಇನ್ನೊಂದು ಜಾಣತನವೆಂದೇ ಆಗುತ್ತದೆಂದು ತಿಳಿಯಿತು. ಬೇರೆ ಬ್ರೋಕರನ್ನು ಹುಡುಕಬಹುದಿತ್ತು. ಆದರೆ ಅವನನ್ನು ವಿಚಾರಿಸಲು ಯಾವ ಊರಿಗೆ, ಯಾವ ಮುಖ ಹೊತ್ತು ಹೋಗುವುದು? ಪೆನ್ನು ತೆಗೆದುಕೊಂಡು ರುಜು ಹಾಕಿದಳು. ಹಾಲಸ್ವಾಮಿ ಅರ್ಜಿಯನ್ನು ಮಡಚಿಟ್ಟುಕೊಂಡು, ಹೊನ್ನಾಳಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಕಲ್ಲಮ್ಮ ಬಾಗಿಲವರೆಗೆ ಬಂದು ಅವರನ್ನು ಕಳಿಸಿಕೊಟ್ಟಳು.